ಊರ ಸುದ್ದಿ ಗ್ರೂಪಿಗೆ ನಿಯಮ ಬರೆಯುವುದು ಹೇಗೆ?

ಸಂಪಾದಕರಿಗೆ,

ಮಾನ್ಯರೇ,

ಮುಂಗಾರು ಜೋರಾಯಿತೆಂದರೆ ಮಲೆನಾಡು ಮತ್ತು ಕರಾವಳಿಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಜಿಲ್ಲಾಧಿಕಾರಿಗಳ ಸಹಿ ಇರುವ ರಜೆ ಆದೇಶಗಳು ಓಡಾಡಲು ಶುರುವಾಗುತ್ತವೆ. ಕೆಲವು ಅಸಲಿ, ಕೆಲವು ಹಿಂದಿನ ವರ್ಷದವು, ಇನ್ನು ಕೆಲವು ದಿನಾಂಕವನ್ನಷ್ಟೇ ತಿದ್ದಿದವು. ಹಾಕಿದವರನ್ನು ಕೇಳಿದರೆ 'ನನಗೂ ಯಾರೋ ಕಳಿಸಿದರು, ನಾಲ್ಕು ಜನಕ್ಕೆ ಅನುಕೂಲವಾಗಲಿ ಅಂತ ಹಾಕಿದೆ' ಎನ್ನುತ್ತಾರೆ. ಆ ಮಾತು ಸುಳ್ಳಲ್ಲ. ಅದೇ ಗ್ರೂಪಿನ ವಿವರಣೆಯನ್ನು ತೆರೆದು ನೋಡಿದರೆ ಅಲ್ಲಿ ನಿಯಮಗಳೂ ಇರುತ್ತವೆ: ಗುಡ್ ಮಾರ್ನಿಂಗ್ ಬೇಡ, ರಾಜಕೀಯ ಬೇಡ, ಜಾತಿ ಧರ್ಮದ ವಿಷಯ ಬೇಡ, ಸುಳ್ಳು ಸುದ್ದಿ ಹಾಕುವಂತಿಲ್ಲ. ಇವುಗಳಲ್ಲಿ ಒಂದೂ ಆ ರಜೆ ಪತ್ರವನ್ನು ತಡೆಯಲಾರದು. ಗೊತ್ತಿದ್ದೂ ಸುಳ್ಳು ಹಾಕುವವರು ಕಡಿಮೆ. ಸುಳ್ಳೆಂದೇ ಗೊತ್ತಿಲ್ಲದವರಿಗೆ 'ಸುಳ್ಳು ಹಾಕಬೇಡಿ' ಎಂದು ಬರೆದಿಟ್ಟು ಪ್ರಯೋಜನವೇನು?

ಹೋಬಳಿ, ತಾಲ್ಲೂಕು ಮಟ್ಟದಲ್ಲಿ ಸುದ್ದಿ ಮೊದಲು ತಲುಪುವುದು ಈಗ ಇಂಥ ಗ್ರೂಪ್‌ಗಳಿಂದಲೇ. ಒಂದು ಗ್ರೂಪಿನಲ್ಲಿ 1024 ಮಂದಿ ಇರಬಹುದು. ಅವರ ಮನೆಮಂದಿಯನ್ನೂ ಸೇರಿಸಿದರೆ ಒಂದು ಪಟ್ಟಣದ ದೊಡ್ಡ ಪಾಲೇ ಆಯಿತು. ನಿಮ್ಮ ಓದುಗರಲ್ಲಿ ಅನೇಕರು ಸ್ವತಃ ಅಡ್ಮಿನ್‌ಗಳೇ ಆಗಿರುತ್ತಾರಾದ್ದರಿಂದ, ಗ್ರೂಪಿಗೆ ನಿಯಮ ಬರೆಯುವಾಗ ಎಲ್ಲಿ ಎಡವುತ್ತೇವೆ, ಯಾವುದು ನಿಲ್ಲುತ್ತದೆ ಎಂಬುದನ್ನು ಈ ಪತ್ರದಲ್ಲಿ ವಿವರವಾಗಿಯೇ ಬರೆಯುತ್ತಿದ್ದೇವೆ.

ನಿಯಮದ ಮೊದಲ ಸಾಲು ಪೋಸ್ಟಿನಲ್ಲಿ ಏನೇನು ಇರಬೇಕು ಎಂಬುದನ್ನು ಹೇಳಬೇಕು. ಮೂರೇ ಅಂಶ ಸಾಕು: ಎಲ್ಲಿ, ಯಾವಾಗ, ಯಾರಿಂದ ಗೊತ್ತಾಯಿತು. ಉದಾಹರಣೆಗೆ, 'ಆಗುಂಬೆ ಘಾಟಿ, 7ನೇ ತಿರುವು. ಜುಲೈ 12, ಶನಿವಾರ ಬೆಳಿಗ್ಗೆ 6.40. ಮರ ಬಿದ್ದಿದೆ, ದೊಡ್ಡ ವಾಹನ ಹೋಗುತ್ತಿಲ್ಲ. ನಾನು ಇಲ್ಲೇ ಇದ್ದೇನೆ.' ಇಷ್ಟಿದ್ದರೆ ಅದು ಸುದ್ದಿ. 'ಆಗುಂಬೆ ಘಾಟಿ ಬಂದ್, ಎಲ್ಲರಿಗೂ ತಿಳಿಸಿ' ಎಂಬುದನ್ನು ಅಡ್ಮಿನ್ ತೆಗೆಯಬೇಕು, ಅದು ನಿಜವೇ ಆಗಿದ್ದರೂ ಸರಿ. ಇದು ಕಠಿಣವೆನಿಸಬಹುದು. ಆದರೆ ನಿಜವೋ ಸುಳ್ಳೋ ಎಂದು ಪ್ರತಿ ಪೋಸ್ಟಿಗೂ ತೀರ್ಪು ಕೊಡಲು ಅಡ್ಮಿನ್‌ಗೆ ಸಾಧ್ಯವಿಲ್ಲ. ಮೂರು ಅಂಶ ಇದೆಯೋ ಇಲ್ಲವೋ ಎಂದು ನೋಡಲು ಹತ್ತು ಸೆಕೆಂಡ್ ಸಾಕು. ಜಗಳಕ್ಕೂ ಆಸ್ಪದ ಕಡಿಮೆ.

'ಇಂದು', 'ನಾಳೆ', 'ಈಗಷ್ಟೇ ಬಂದ ಸುದ್ದಿ' ಎಂಬ ಪದಗಳನ್ನು ಪೂರ್ತಿ ನಿಷೇಧಿಸುವುದು ಒಳ್ಳೆಯದು. ರಜೆ ಗೊಂದಲದಲ್ಲಿ ದೊಡ್ಡ ಪಾಲು ಹುಟ್ಟುವುದು ನಕಲಿ ಪತ್ರದಿಂದಲ್ಲ, ನಿನ್ನೆಯ ಅಸಲಿ 'ನಾಳೆ ರಜೆ' ಸಂದೇಶ ಇವತ್ತು ಇನ್ನೊಂದು ಗ್ರೂಪಿಗೆ ದಾಟುವುದರಿಂದ. ದಿನಾಂಕದ ಜೊತೆಗೆ ವಾರವನ್ನೂ ಬರೆಸಬೇಕು. ದಿನಾಂಕ ತಿದ್ದುವವರು ವಾರವನ್ನು ತಿದ್ದಲು ಮರೆಯುತ್ತಾರೆ. ಕ್ಯಾಲೆಂಡರ್ ನೋಡಿದ ಕೂಡಲೇ ತಾಳೆಯಾಗದಿರುವುದು ಕಾಣಿಸುತ್ತದೆ. ಫೋಟೊ ಹಾಕುವಾಗ ಈ ವಿವರವನ್ನು ಪ್ರತ್ಯೇಕ ಸಂದೇಶವಾಗಿ ಬರೆಯದೆ ಫೋಟೊದ ಅಡಿಬರಹದಲ್ಲೇ ಬರೆಯಬೇಕು. ಪ್ರತ್ಯೇಕವಾಗಿ ಬರೆದದ್ದು ಮುಂದಿನ ಗ್ರೂಪಿಗೆ ಹೋಗುವುದಿಲ್ಲ, ಫೋಟೊ ಮಾತ್ರ ಹೋಗುತ್ತದೆ.

ಮೂಲ ಎಂದರೆ ಯಾವುದು ಎಂಬುದನ್ನೂ ಬಿಡಿಸಿ ಹೇಳಬೇಕಾಗುತ್ತದೆ. ಕಣ್ಣಾರೆ ನೋಡಿದ್ದು ಒಂದು. ಪತ್ರಿಕೆ ಅಥವಾ ಸುದ್ದಿವಾಹಿನಿಯ ಜಾಲತಾಣದ ಲಿಂಕ್ ಇನ್ನೊಂದು. ಜಿಲ್ಲಾಡಳಿತ, ಪೊಲೀಸ್, ಮೆಸ್ಕಾಂನಂಥ ಕಚೇರಿಗಳ ಅಧಿಕೃತ ಪುಟದಲ್ಲಿ ಕಂಡದ್ದು ಮೂರನೆಯದು. 'ಬೇರೆ ಗ್ರೂಪಿನಲ್ಲಿ ಬಂತು', 'ನಮ್ಮ ಭಾವ ಆಫೀಸಿನಲ್ಲಿದ್ದಾರೆ, ಅವರು ಹೇಳಿದರು' ಎಂಬುದು ಮೂಲವಲ್ಲ. ಹೆಸರಿಲ್ಲದ ಆಡಿಯೊ ತುಣುಕಂತೂ ಸರ್ವಥಾ ಅಲ್ಲ. ಆಡಿಯೊ ಸುದ್ದಿಯನ್ನು ಇಡಿಯಾಗಿ ನಿಲ್ಲಿಸಿಬಿಡುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಅದರಲ್ಲಿ ದಿನಾಂಕ ಇರುವುದಿಲ್ಲ, ಆಮೇಲೆ ಹುಡುಕಿದರೆ ಸಿಗುವುದಿಲ್ಲ, ಕೇಳಿ ಮುಗಿಸುವವರೆಗೆ ಏನಿದೆಯೆಂದು ಗೊತ್ತಾಗುವುದಿಲ್ಲ, ಮತ್ತು ಗಾಬರಿಯ ದನಿ ಅಕ್ಷರಕ್ಕಿಂತ ಬೇಗ ನಂಬಿಸುತ್ತದೆ. ಈಗ ಕೃತಕ ಬುದ್ಧಿಮತ್ತೆಯಿಂದ ಯಾರ ದನಿಯನ್ನು ಬೇಕಾದರೂ ತಯಾರಿಸಬಹುದು ಎಂಬ ಕಾರಣವೂ ಸೇರಿದೆ. ಓದಲು ಬಾರದ ಸದಸ್ಯರಿಗಾಗಿ ದೃಢಪಟ್ಟ ಸುದ್ದಿಯನ್ನು ಅಡ್ಮಿನ್ ತಮ್ಮ ಹೆಸರು, ದಿನಾಂಕ ಹೇಳಿ ಓದಿ ಹಾಕಬಹುದು; ವಿನಾಯಿತಿ ಅಷ್ಟಕ್ಕೆ ಮಾತ್ರ.

ಫಾರ್ವರ್ಡ್ ಗುರುತಿನ ವಿಷಯ ಸ್ವಲ್ಪ ತಾಂತ್ರಿಕವಾದರೂ ಪ್ರತಿ ಅಡ್ಮಿನ್‌ಗೂ ಗೊತ್ತಿರಬೇಕು. ಸಂದೇಶದ ಮೇಲೆ ಒಂದು ಬಾಣದ ಗುರುತು ಇದ್ದರೆ ಅದು ಬೇರೆ ಕಡೆಯಿಂದ ಬಂದದ್ದು. ಜೋಡಿ ಬಾಣ ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಭಾರತದಲ್ಲಿ 2018ರ ಜುಲೈನಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಕಳಿಸುವ ಮಿತಿ ಬಂತು. ಜೋಡಿ ಬಾಣದ ಸಂದೇಶಕ್ಕೆ 2020ರ ಏಪ್ರಿಲ್‌ನಿಂದ ಒಮ್ಮೆಗೆ ಒಂದೇ ಚಾಟ್ ಎಂಬ ಮಿತಿ. ವಾಟ್ಸ್‌ಆ್ಯಪ್ ಕಂಪನಿಯೇ ಅನುಮಾನದಿಂದ ನೋಡುವ ಸಂದೇಶವನ್ನು ಊರಿನ ಸುದ್ದಿ ಗ್ರೂಪಿಗೆ ಯಾಕೆ ಬಿಟ್ಟುಕೊಳ್ಳಬೇಕು? 'ಜೋಡಿ ಬಾಣಕ್ಕೆ ಪ್ರವೇಶವಿಲ್ಲ' ಎಂದು ಒಂದೇ ಸಾಲಿನಲ್ಲಿ ಬರೆಯಿರಿ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಇದನ್ನೇ ನಂಬಿ ಕೂರುವಂತಿಲ್ಲ. ಪಠ್ಯವನ್ನು ಕಾಪಿ ಮಾಡಿ ಅಂಟಿಸಿದರೆ, ಸ್ಕ್ರೀನ್‌ಶಾಟ್ ತೆಗೆದರೆ, ವಿಡಿಯೊವನ್ನು ಗ್ಯಾಲರಿಗೆ ಉಳಿಸಿಕೊಂಡು ಹೊಸದಾಗಿ ಹಾಕಿದರೆ ಬಾಣ ಮಾಯವಾಗುತ್ತದೆ. ಹಾಗಾಗಿ ಅದರ ಬೆನ್ನಿಗೇ ಇನ್ನೊಂದು ಸಾಲು ಬೇಕು: ಬಾಣ ಇರಲಿ ಬಿಡಲಿ, ಹಾಕಿದವರೇ ಆ ಪೋಸ್ಟಿಗೆ ಉತ್ತರದಾಯಿ, ಮೂಲ ಕೇಳಿದಾಗ ಅರ್ಧ ಗಂಟೆಯಲ್ಲಿ ಕೊಡದಿದ್ದರೆ ಅಳಿಸಲಾಗುವುದು.

ಪತ್ರಿಕೆಯ ಸುದ್ದಿಯನ್ನು ಹಂಚುವ ಬಗೆ ನಿಮಗೂ ಸಂಬಂಧಿಸಿದ್ದು. ದಿನಪತ್ರಿಕೆಯ ಅಷ್ಟೂ ಪುಟಗಳ ಪಿಡಿಎಫ್ ಬೆಳಿಗ್ಗೆ ಆರಕ್ಕೇ ಗ್ರೂಪಿಗೆ ಬಂದು ಬೀಳುತ್ತದೆ, ಅದನ್ನು ಹಾಕುವವರಿಗೆ ಮೆಚ್ಚುಗೆಯೂ ಸಿಗುತ್ತದೆ. ಇದು ಕೃತಿಸ್ವಾಮ್ಯದ ಉಲ್ಲಂಘನೆ. ಹಿಂದಿ ದಿನಪತ್ರಿಕೆಯೊಂದರ ಇ–ಪೇಪರನ್ನು ಟೆಲಿಗ್ರಾಂ ಚಾನೆಲ್‌ಗಳಲ್ಲಿ ಹಂಚುತ್ತಿದ್ದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2020ರ ಮೇ ತಿಂಗಳಲ್ಲಿ ಆ ಚಾನೆಲ್‌ಗಳನ್ನು ತೆಗೆಯುವಂತೆ ಆದೇಶಿಸಿತ್ತು. ಪ್ರಚಲಿತ ವಿದ್ಯಮಾನ ತಿಳಿಸಲು ಸುದ್ದಿಯ ಸಣ್ಣ ಭಾಗವನ್ನು ಬಳಸಲು ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ, ಇಡೀ ಪುಟಕ್ಕಲ್ಲ. ನಿಯಮ ಹೀಗಿರಲಿ: ಪತ್ರಿಕೆಯ ಹೆಸರು, ಶೀರ್ಷಿಕೆ ಇದ್ದದ್ದು ಇದ್ದಂತೆ, ಲಿಂಕ್, ಬೇಕಿದ್ದರೆ ಸ್ವಂತ ಮಾತಿನಲ್ಲಿ ಎರಡು ಮೂರು ಸಾಲಿನ ಸಾರ. ಶೀರ್ಷಿಕೆಗೆ ಆಶ್ಚರ್ಯಸೂಚಕ ಸೇರಿಸುವುದು, 'ಕೊನೆಗೂ ಬಯಲಾಯ್ತು ಸತ್ಯ' ಎಂದು ತಲೆಗೆ ಅಂಟಿಸುವುದು ನಿಷಿದ್ಧ. ಅಭಿಪ್ರಾಯವಿದ್ದರೆ ಅದೇ ಪೋಸ್ಟಿಗೆ ರಿಪ್ಲೈ ಕೊಟ್ಟು ಬೇರೆಯಾಗಿ ಬರೆಯಲಿ. ಸುದ್ದಿ ಎಲ್ಲಿ ಮುಗಿದು ಮಾತು ಎಲ್ಲಿ ಶುರುವಾಯಿತು ಎಂಬುದು ಓದುವವರಿಗೆ ಕಾಣಬೇಕು. ದಿನಾಂಕದ ಭಾಗವನ್ನು ಕತ್ತರಿಸಿ ತೆಗೆದ ಪೇಪರ್ ಕಟಿಂಗ್ ಬೇಡವೇ ಬೇಡ. ಹಾಕುವ ಮುಂಚೆ ಊರಿನ ಹೆಸರನ್ನೋ ವಿಷಯದ ಒಂದು ಪದವನ್ನೋ ಗ್ರೂಪಿನ ಹುಡುಕಾಟದಲ್ಲಿ ಹಾಕಿ ನೋಡಿದರೆ ಅದೇ ಸುದ್ದಿ ಆರು ಸಲ ಬರುವುದೂ ತಪ್ಪುತ್ತದೆ.

ಮೇಲಿನವು ಎಲ್ಲ ಸುದ್ದಿಗೂ ಅನ್ವಯಿಸುತ್ತವೆ. ಆದರೆ ಅನಾಹುತ ಆಗುವುದು ಕೆಲವೇ ಬಗೆಯ ಸುದ್ದಿಗಳಲ್ಲಿ, ಅವಕ್ಕೆ ಬೇರೆಯಾಗಿಯೇ ನಿಯಮ ಬರೆಯಬೇಕು.

ರಜೆಯ ವಿಷಯವನ್ನೇ ತೆಗೆದುಕೊಳ್ಳಿ. ರೆಡ್ ಅಲರ್ಟ್ ಬಂದ ಮಾತ್ರಕ್ಕೆ ರಜೆ ಅಲ್ಲ. 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಮಳೆಯ ಸಂಭವವಿದ್ದಾಗ ಹವಾಮಾನ ಇಲಾಖೆ ಸಾಮಾನ್ಯವಾಗಿ ಆ ಬಣ್ಣ ಕೊಡುತ್ತದೆ. ರಜೆಯ ಆದೇಶ ಜಿಲ್ಲಾಡಳಿತದ್ದು. ಪತ್ರ ಬಂದಾಗ ದಿನಾಂಕ ಮತ್ತು ವಾರ ಹೊಂದುತ್ತದೆಯೇ, ಸಹಿ ಮಾಡಿದ ಅಧಿಕಾರಿ ಈಗಲೂ ಆ ಜಿಲ್ಲೆಯಲ್ಲಿ ಇದ್ದಾರೆಯೇ, ಯಾವ ತಾಲ್ಲೂಕುಗಳು, ಅಂಗನವಾಡಿಯಿಂದ ಎಲ್ಲಿಯವರೆಗೆ, ಪಿಯು ಸೇರಿದೆಯೇ, ಪದವಿ ಕಾಲೇಜು ಸೇರಿದೆಯೇ ಎಂದು ನೋಡಬೇಕು. ಅಸಲಿ ಆದೇಶದಲ್ಲಿ ಈ ವಿವರ ಇರುತ್ತದೆ. ದಿನಾಂಕದ ಅಂಕಿಯ ಅಕ್ಷರಶೈಲಿ ಅಕ್ಕಪಕ್ಕದ ಅಕ್ಷರಗಳಿಗಿಂತ ದಪ್ಪವಾಗಿಯೋ ಓರೆಯಾಗಿಯೋ ಕಂಡರೆ ತಿದ್ದಿದ್ದಾರೆಂದೇ ಅನುಮಾನಿಸಬೇಕು. ಆಮೇಲೆ ಜಿಲ್ಲಾಧಿಕಾರಿಗಳ ಅಧಿಕೃತ ಪುಟದಲ್ಲೋ ವಾರ್ತಾ ಇಲಾಖೆಯ ಪ್ರಕಟಣೆಯಲ್ಲೋ ಅದು ಇದೆಯೇ ಎಂದು ನೋಡಿ, ಒಬ್ಬ ಅಡ್ಮಿನ್ ಮಾತ್ರ ಹಾಕಬೇಕು. ಸದಸ್ಯರು ಯಾರೂ ರಜೆ ಪತ್ರ ಹಾಕುವಂತಿಲ್ಲ, ಅಡ್ಮಿನ್‌ಗೆ ಖಾಸಗಿಯಾಗಿ ಕಳಿಸಲಿ. ರಜೆ ಇಲ್ಲದ ದಿನ ರಾತ್ರಿ 'ಈವರೆಗೆ ಆದೇಶ ಬಂದಿಲ್ಲ, ರಾತ್ರಿ 9' ಎಂದು ಹಾಕುವುದು ರಜೆ ಇದೆ ಎಂದು ಹಾಕುವಷ್ಟೇ ಉಪಕಾರ.

ಅಣೆಕಟ್ಟಿನ ಸುದ್ದಿಯಲ್ಲಿ ಅಂಕಿ ಮತ್ತು ಗಂಟೆ ಇಲ್ಲದಿದ್ದರೆ ಅದಕ್ಕೆ ಬೆಲೆಯೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದಾಗ ನದಿಪಾತ್ರದ ಜನಕ್ಕೆ ಬೇಕಾಗಿದ್ದದ್ದು ಎಷ್ಟು ನೀರು ಬರುತ್ತಿದೆ, ತಮ್ಮ ಊರಿಗೆ ಯಾವಾಗ ಮುಟ್ಟುತ್ತದೆ ಎಂಬುದು. ಅಂಥ ಹೊತ್ತಿನಲ್ಲಿ 'ಡ್ಯಾಂ ಒಡೆದಿದೆ' ಎಂಬ ಎರಡೇ ಪದ ಹಾಕಿದವರು ಜನರನ್ನು ಕತ್ತಲಲ್ಲಿ ಓಡಿಸುತ್ತಾರೆ. ಜಲಾಶಯದ ಹೆಸರು, ಗರಿಷ್ಠ ಮಟ್ಟ, ಈಗಿನ ಮಟ್ಟ, ಒಳಹರಿವು, ಹೊರಹರಿವು, ಅಳೆದ ಸಮಯ ಇವಿಷ್ಟೂ ಇರಬೇಕು. ಕೆಆರ್‌ಎಸ್ 124.80 ಅಡಿ, ತುಂಗಭದ್ರಾ 1633 ಅಡಿ, ಲಿಂಗನಮಕ್ಕಿ 1819 ಅಡಿ, ಆಲಮಟ್ಟಿ 519.60 ಮೀಟರ್ ಎಂಬ ಗರಿಷ್ಠ ಮಟ್ಟಗಳನ್ನು ಅಡ್ಮಿನ್‌ಗಳು ಒಂದು ಕಡೆ ಬರೆದಿಟ್ಟುಕೊಂಡರೆ ಅಸಂಬದ್ಧ ಅಂಕಿ ಕಣ್ಣಿಗೆ ಬೀಳುತ್ತದೆ. ಟಿಎಂಸಿಯನ್ನೂ ಕ್ಯುಸೆಕ್ಕನ್ನೂ ಅದಲುಬದಲು ಮಾಡುವುದು ಎಲ್ಲ ಕಡೆ ಕಾಣುವ ತಪ್ಪು. ಟಿಎಂಸಿ ಎಂದರೆ ಸಂಗ್ರಹ, ನೂರು ಕೋಟಿ ಘನ ಅಡಿ; ಕ್ಯುಸೆಕ್ ಎಂದರೆ ಹರಿವು, ಸೆಕೆಂಡಿಗೆ ಒಂದು ಘನ ಅಡಿ. ಇಡೀ ದಿನ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ ಆಗುತ್ತದೆ. 'ಹೊರಹರಿವು 50 ಟಿಎಂಸಿ' ಎಂದು ಬಂದರೆ ಅದನ್ನು ಬರೆದವರಿಗೇ ವಿಷಯ ಗೊತ್ತಿಲ್ಲ ಎಂದು ತಿಳಿದು ತೆಗೆದುಬಿಡಬಹುದು.

ಅಪಘಾತವಾದಾಗ ಗ್ರೂಪಿಗೆ ಬೇಕಾದದ್ದು ಸ್ಥಳ, ಯಾವ ದಿಕ್ಕಿನ ರಸ್ತೆ ಬಂದ್ ಆಗಿದೆ, ಬದಲಿ ದಾರಿ ಯಾವುದು, 112ಕ್ಕೋ 108ಕ್ಕೋ ಕರೆ ಹೋಗಿದೆಯೇ ಎಂಬುದು. ಶವದ ಚಿತ್ರ, ರಕ್ತದ ಚಿತ್ರ, ವಾಹನದ ನಂಬರ್ ಪ್ಲೇಟ್ ಬೇಡ. ಮಗ ತೀರಿಕೊಂಡ ಸುದ್ದಿಯನ್ನು ತಾಯಿ ಗ್ರೂಪಿನ ಫೋಟೊದಲ್ಲಿ ನೋಡುವಂತಾಗಬಾರದು. ಮನೆಯವರಿಗೆ ತಿಳಿಯಿತೆಂದು ಪೊಲೀಸರಿಂದ ಖಾತ್ರಿಯಾಗುವವರೆಗೆ ಹೆಸರನ್ನೂ ಹಾಕುವಂತಿಲ್ಲ.

ಮಕ್ಕಳ ಕಳ್ಳರ ವದಂತಿಗೆ ನಿಯಮದಲ್ಲಿ ಪ್ರತ್ಯೇಕ ಸಾಲು ಇರಲೇಬೇಕು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಅಪಹರಣಕಾರರೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸಿದ್ದರಿಂದ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಬಂಧಿತರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದರು. ಆ ವರ್ಷ ಬೆಂಗಳೂರಿನ ಅಪಹರಣವೆಂದು ಓಡಾಡಿದ ವಿಡಿಯೊ ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಅರಿವಿಗಾಗಿ ಮಾಡಿದ್ದು. ಮಗುವನ್ನು ವಾಪಸ್ ತಂದು ಬಿಟ್ಟು ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಥಟ್ಟನೆ ನಿಲ್ಲುವ ಸಿಸಿಟಿವಿ ವಿಡಿಯೊ ಕಂಡರೆ ಬಾಲ ಕತ್ತರಿಸಿದ್ದಾರೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ವಿಡಿಯೊದ ಒಂದು ಚೌಕಟ್ಟನ್ನು ಸ್ಕ್ರೀನ್‌ಶಾಟ್ ಮಾಡಿ ಗೂಗಲ್ ಲೆನ್ಸ್‌ಗೆ ಕೊಟ್ಟರೆ ಹಳೆಯ ಮೂಲ ಬಹಳ ಸಲ ಸಿಗುತ್ತದೆ. ಅಂಗಡಿ ಬೋರ್ಡಿನ ಭಾಷೆ, ಬೈಕಿನ ನಂಬರ್ ಪ್ಲೇಟ್, ರಸ್ತೆಯಲ್ಲಿ ವಾಹನ ಯಾವ ಬದಿಗೆ ಚಲಿಸುತ್ತಿದೆ ಎಂಬುದೂ ಊರನ್ನು ಹೇಳುತ್ತವೆ. ಈ ಬಗೆಯ ಸಂದೇಶವನ್ನು ಕಂಡ ಮೊದಲ ಅಡ್ಮಿನ್ ಬೇರೆಯವರ ಒಪ್ಪಿಗೆಗೆ ಕಾಯದೆ ಅಳಿಸಬೇಕು, 112ಕ್ಕೆ ತಿಳಿಸಬೇಕು. ಠಾಣೆಯವರೇ ಹೇಳದ ಹೊರತು ಅದು ಮತ್ತೆ ಬರಬಾರದು. ಫೋನಿನಲ್ಲಿ ಎಸ್‌ಎಂಎಸ್ ಮಾತ್ರ ಇದ್ದ ಕಾಲದಲ್ಲೂ ಇಂಥದ್ದನ್ನು ಕಂಡಿದ್ದೇವೆ: 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ವದಂತಿಗೆ ಹೆದರಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು, ಸಗಟು ಎಸ್‌ಎಂಎಸ್‌ಗೆ 15 ದಿನ ಕೇಂದ್ರ ಸರ್ಕಾರವೇ ತಡೆ ಹಾಕಬೇಕಾಯಿತು.

ಮಕ್ಕಳ ಗುರುತಿನ ವಿಷಯದಲ್ಲಿ ಒಳ್ಳೆಯ ಮನಸ್ಸಿನವರೇ ಕಾನೂನು ಮೀರುತ್ತಾರೆ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಸಂತ್ರಸ್ತ ಮಗು, ಸಾಕ್ಷಿಯಾದ ಮಗು ಮಾತ್ರವಲ್ಲ, ಆರೋಪ ಹೊತ್ತ ಅಪ್ರಾಪ್ತನ ಹೆಸರು, ವಿಳಾಸ, ಶಾಲೆ, ಚಿತ್ರವನ್ನೂ ಯಾವುದೇ ಸಂವಹನದಲ್ಲಿ ಬಹಿರಂಗಪಡಿಸುವಂತಿಲ್ಲ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಇದೆ. ಇದರ ಜೊತೆಗೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮತ್ತು ಅತ್ಯಾಚಾರ ಸಂತ್ರಸ್ತರ ಗುರುತಿನ ಬಗ್ಗೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಕೂಡ ಇವೆ. ಹೆಸರು ಹಾಕದೆ 'ಇಂಥ ಹಳ್ಳಿಯ ಇಂಥವರ ಮೊಮ್ಮಗಳು' ಎಂದರೂ ಗುರುತು ಸಿಕ್ಕಂತೆಯೇ. ಕಾಣೆಯಾದ ಮಗುವಿನ ಫೋಟೊ ಹಾಕುವಾಗ ಠಾಣೆಯ ಹೆಸರು, ದೂರು ಕೊಟ್ಟ ದಿನಾಂಕ ಇರಬೇಕು, ಮಗು ಸಿಕ್ಕ ಕ್ಷಣ ತೆಗೆಯಬೇಕು. ಪ್ರಕರಣ ದೌರ್ಜನ್ಯದ ತಿರುವು ಪಡೆದರೆ, ನಿನ್ನೆ ಸಹಾಯಕ್ಕೆ ಹಾಕಿದ ಅದೇ ಫೋಟೊವನ್ನು ಮುಂದೆ ಹಂಚುವುದು ಅಪರಾಧವಾಗುತ್ತದೆ. ಮಕ್ಕಳ ಅಶ್ಲೀಲ ದೃಶ್ಯ ಗ್ರೂಪಿಗೆ ಬಂದರೆ ಸಾಕ್ಷಿಗೆಂದು ಕೂಡ ಫೋನಿನಲ್ಲಿ ಉಳಿಸಿಕೊಳ್ಳಬಾರದು, ಬೇರೆ ಅಡ್ಮಿನ್‌ಗೂ ಕಳಿಸಬಾರದು. ಅಳಿಸಿ, ಕಳಿಸಿದವರನ್ನು ಹೊರಹಾಕಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬೇಕು.

'ರಕ್ತ ಬೇಕಾಗಿದೆ' ಸಂದೇಶಕ್ಕೆ ಆಸ್ಪತ್ರೆ, ರಕ್ತದ ಗುಂಪು, ಎಷ್ಟು ಯೂನಿಟ್, ಎಂದಿನವರೆಗೆ ಎಂಬುದು ಕಡ್ಡಾಯ. ಅಗತ್ಯ ತೀರಿದ ಮೇಲೆ ತೆಗೆಯದಿದ್ದರೆ ವರ್ಷಗಳ ಕಾಲ ಆ ಮನೆಯ ಫೋನಿಗೆ ಕರೆ ಬರುತ್ತಲೇ ಇರುತ್ತದೆ, ಕೆಲವೊಮ್ಮೆ ರೋಗಿ ತೀರಿಕೊಂಡ ಮೇಲೂ.

ಇನ್ನು ಸೆಟ್ಟಿಂಗ್ಸ್. ಹೊಸ ಸದಸ್ಯರಿಗೆ ಅಡ್ಮಿನ್ ಒಪ್ಪಿಗೆ ಬೇಕೆಂಬ ಆಯ್ಕೆಯನ್ನು ಆನ್ ಮಾಡಿ. ಆಹ್ವಾನದ ಲಿಂಕ್ ಫೇಸ್‌ಬುಕ್‌ನಲ್ಲಿ ಬಿದ್ದಿದ್ದರೆ ರೀಸೆಟ್ ಮಾಡಿ, ಹಳೆಯದು ಸಾಯುತ್ತದೆ. ಸಾವಿರ ಜನರ ಗ್ರೂಪಿಗೆ ಕನಿಷ್ಠ ಐದು ಅಡ್ಮಿನ್ ಬೇಕು; ಒಂದೇ ಪಕ್ಷ, ಒಂದೇ ಬೀದಿ, ಒಂದೇ ಸಮುದಾಯದವರಾಗಿರಬಾರದು, ಮಹಿಳೆಯರು ಇರಲೇಬೇಕು, ಮತ್ತು ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಯಾರು ಯಾವ ಹೊತ್ತು ನೋಡುತ್ತಾರೆ ಎಂದು ಹಂಚಿಕೊಂಡಿರಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 'ಅಡ್ಮಿನ್‌ಗಳು ಮಾತ್ರ' ಎಂದು ಬದಲಿಸಿ. ವದಂತಿ ಹರಡುವುದು ಕೇಳುವವರಿಲ್ಲದ ಹೊತ್ತಿನಲ್ಲೇ. ನೆರೆ, ಗಲಭೆ, ಗುಡ್ಡ ಕುಸಿತದಂಥ ಸಂದರ್ಭದಲ್ಲಿ ಹಗಲಲ್ಲೂ ಹಾಗೆಯೇ ಮಾಡಿ, ಸದಸ್ಯರಿಂದ ಖಾಸಗಿಯಾಗಿ ಮಾಹಿತಿ ಪಡೆದು ಎರಡು ಗಂಟೆಗೊಮ್ಮೆ ಒಟ್ಟು ಮಾಡಿ ಹಾಕುವುದು ಸುರಕ್ಷಿತ. ಹಾಗೆ ಮುಚ್ಚುವಾಗ ಮಾಹಿತಿ ಕಳಿಸಬೇಕಾದ ಅಡ್ಮಿನ್ ಯಾರೆಂದು ಹೇಳದಿದ್ದರೆ ಜನ ಬೇರೆ ಗ್ರೂಪಿಗೆ ಹೋಗಿ ಅಲ್ಲಿಂದ ಕೇಳಿದ್ದನ್ನು ನಂಬುತ್ತಾರೆ.

ತಪ್ಪಾದ ಸುದ್ದಿಯನ್ನು ಸದ್ದಿಲ್ಲದೆ ಅಳಿಸುವುದು ಬಹುತೇಕ ಗ್ರೂಪ್‌ಗಳ ರೂಢಿ. ಅದು ಸಾಲದು. ನೋಡಿದವರ ಮನಸ್ಸಿನಲ್ಲಿ ಅದು ಉಳಿದಿರುತ್ತದೆ, ಫೋಟೊ ಅವರ ಗ್ಯಾಲರಿಯಲ್ಲೂ ಇರುತ್ತದೆ. ಬರೆದದ್ದನ್ನು ತಿದ್ದಲು 15 ನಿಮಿಷ ಸಿಗುತ್ತದೆ. 'ಎಲ್ಲರಿಗೂ ಅಳಿಸು' ಸುಮಾರು ಎರಡು ದಿನ ದಾಟಿದ ಮೇಲೆ ಕೆಲಸ ಮಾಡುವುದಿಲ್ಲ. ಜೀವಕ್ಕೆ ಅಥವಾ ಮಾನಕ್ಕೆ ಹಾನಿ ಮಾಡುವಂಥದ್ದನ್ನು ತಕ್ಷಣ ಅಳಿಸಿ, ಅಳಿಸಿದ್ದೇಕೆ ಎಂದು ಒಂದು ಸಾಲು ಬರೆಯಿರಿ. ಉಳಿದ ತಪ್ಪುಗಳಿಗೆ ಮೂಲ ಪೋಸ್ಟನ್ನು ಇಟ್ಟುಕೊಂಡೇ ಅದಕ್ಕೆ ರಿಪ್ಲೈ ಆಗಿ 'ತಿದ್ದುಪಡಿ' ಎಂದು ಶುರುಮಾಡಿ ಸರಿ ಮಾಹಿತಿ ಹಾಕಿ, 24 ಗಂಟೆ ಪಿನ್ ಮಾಡಿ. ತಪ್ಪು ಹಾಕಿದವರೇ ತಿದ್ದುಪಡಿಯನ್ನೂ ಹಾಕಿದರೆ ಅದನ್ನು ಎಚ್ಚರಿಕೆಯ ಲೆಕ್ಕಕ್ಕೆ ಸೇರಿಸಬಾರದು. ಇಲ್ಲವಾದರೆ ಯಾರೂ ಒಪ್ಪಿಕೊಳ್ಳುವುದಿಲ್ಲ.

ಶಿಕ್ಷೆಯ ನಿಯಮ ಮುರಿದುಬೀಳುವುದು ಪಕ್ಷಪಾತದಿಂದ. ಪುರಸಭೆ ಸದಸ್ಯರ ಪೋಸ್ಟಿಗೆ ಒಂದು, ಆಟೊ ಚಾಲಕರ ಪೋಸ್ಟಿಗೆ ಇನ್ನೊಂದು ಎಂದಾದರೆ ವಾರದೊಳಗೆ ಪ್ರತಿಸ್ಪರ್ಧಿ ಗ್ರೂಪ್ ಹುಟ್ಟುತ್ತದೆ. ಮೊದಲ ಸಲ ಖಾಸಗಿ ಸಂದೇಶದಲ್ಲಿ ತಿಳಿಸುವುದು, ಎರಡನೇ ಸಲ ಗ್ರೂಪಿನಲ್ಲೇ ಎಚ್ಚರಿಕೆ, ಮೂರನೇ ಸಲ ಏಳು ದಿನ ಹೊರಗೆ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರ ಬಾಯಿಯನ್ನಷ್ಟೇ ಕಟ್ಟುವ ಸೌಲಭ್ಯವಿಲ್ಲ, ತೆಗೆದು ಮತ್ತೆ ಸೇರಿಸಬೇಕಾಗುತ್ತದೆ; ಸೇರಿಸುವ ದಿನಾಂಕವನ್ನು ಮೊದಲೇ ಹೇಳಿದರೆ ಅವಮಾನ ಕಡಿಮೆ. ಹೊರಹಾಕುವ ನಿರ್ಧಾರಕ್ಕೆ ಇಬ್ಬರು ಅಡ್ಮಿನ್‌ಗಳ ಒಪ್ಪಿಗೆ ಕಡ್ಡಾಯ ಮಾಡಿ. ಸಿಟ್ಟಿನಲ್ಲಿ ತೆಗೆದದ್ದೇ ಹೆಚ್ಚು ಜಗಳ ತರುತ್ತದೆ. ಯೂಟ್ಯೂಬ್ ಚಾನೆಲ್ ನಡೆಸುವವರು ದಿನಕ್ಕೆ ಹತ್ತು ಲಿಂಕ್ ಸುರಿಯುವುದನ್ನು ಒಬ್ಬರಿಗೆ ಎರಡು ಎಂಬ ಮಿತಿಯಿಂದ ನಿಲ್ಲಿಸಬಹುದು. ಅಂಗಡಿ, ನಿವೇಶನದ ಪ್ರಚಾರ ಭಾನುವಾರಕ್ಕೆ ಸೀಮಿತವಾಗಲಿ, ತಲೆಯಲ್ಲಿ 'ಜಾಹೀರಾತು' ಎಂದಿರಲಿ. ಚುನಾವಣೆಯಲ್ಲಿ ಮತದಾನ ಮುಗಿಯುವ ಮುಂಚಿನ 48 ಗಂಟೆ ಪ್ರಚಾರದ ಪೋಸ್ಟ್ ಬೇಡ. ಮತಗಟ್ಟೆ ಸಮೀಕ್ಷೆಯನ್ನು ಆಯೋಗ ಹೇಳಿದ ಸಮಯಕ್ಕೆ ಮೊದಲು ಹಂಚಿದರೆ ಜನಪ್ರತಿನಿಧಿ ಕಾಯ್ದೆಯ 126ಎ ಸೆಕ್ಷನ್ ಅಡಿ ಶಿಕ್ಷೆಯಿದೆ.

ಬೇರೆಯವರು ಹಾಕಿದ್ದಕ್ಕೆ ತಾವು ಜೈಲಿಗೆ ಹೋಗಬೇಕಾದೀತೆಂದು ಹೆದರಿ ಅನೇಕ ಒಳ್ಳೆಯ ಅಡ್ಮಿನ್‌ಗಳು ಹೊಣೆ ಬಿಟ್ಟುಬಿಡುತ್ತಾರೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ, ಸದಸ್ಯರ ಪೋಸ್ಟಿಗೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಕ್ರಿಮಿನಲ್ ಹೊಣೆ ಹೊರಿಸಲಾಗದು ಎಂದು ಹೇಳಿವೆ. ಜೊತೆಗೂಡಿ ಮಾಡಿದ್ದರೆ, ಯೋಜಿಸಿದ್ದರೆ, ತಾವೇ ಮುಂದೆ ಕಳಿಸಿದ್ದರೆ ಮಾತು ಬೇರೆ. ಬರೆದಿಟ್ಟ ನಿಯಮ ಮತ್ತು ಅಳಿಸಿದ ಸಮಯದ ದಾಖಲೆ ಅಡ್ಮಿನ್‌ನ ರಕ್ಷಣೆಗೂ ಬರುತ್ತವೆ.

ನಿಯಮ ಹತ್ತು ಸಾಲು ಮೀರಬಾರದು. ಕರಡನ್ನು ಗ್ರೂಪಿಗೆ ಹಾಕಿ, ಮೂರು ದಿನ ಚರ್ಚೆಗೆ ಬಿಟ್ಟು, ತಕರಾರು ಇರುವ ಸಾಲಿಗೆ ಮಾತ್ರ ಪೋಲ್ ಇಟ್ಟು, ಅಂತಿಮ ಪಠ್ಯವನ್ನು 30 ದಿನಕ್ಕೆ ಪಿನ್ ಮಾಡಿ. ಪಿನ್ ಅವಧಿ ಮುಗಿದಾಗ ಮತ್ತೆ ಮಾಡಲು ಒಬ್ಬರಿಗೆ ವಹಿಸಿರಬೇಕು.

ಕೊನೆಯಲ್ಲಿ ತಮ್ಮ ಪತ್ರಿಕೆಗೂ ಇತರ ಪತ್ರಿಕೆಗಳಿಗೂ ಮೂರು ವಿನಂತಿ. ಸಾಮಾಜಿಕ ಜಾಲತಾಣಕ್ಕೆಂದು ಮಾಡುವ ಸುದ್ದಿ ಕಾರ್ಡುಗಳ ಮೇಲೆ ಲೋಗೊದಷ್ಟೇ ದೊಡ್ಡದಾಗಿ ದಿನಾಂಕ, ವಾರ, ಸಮಯ ಮುದ್ರಿಸಿ, ಅದೂ ಸುಲಭವಾಗಿ ಕತ್ತರಿಸಲಾಗದಂತೆ ಶೀರ್ಷಿಕೆಯ ಪಕ್ಕದಲ್ಲೇ. ಜಾಲತಾಣದ ಸುದ್ದಿಯನ್ನು ತಿದ್ದಿದಾಗ ಲಿಂಕ್ ಬದಲಿಸದೆ, ಮೇಲ್ಗಡೆ ಏನು ತಿದ್ದಿದಿರಿ, ಎಷ್ಟು ಗಂಟೆಗೆ ಎಂದು ಬರೆಯಿರಿ. ಆಗ ನಾವು ಹಾಕಿದ ಹಳೆಯ ಲಿಂಕೇ ಸರಿಯಾದ ಸುದ್ದಿ ತೋರಿಸುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಶಾಲಾ ರಜೆಗೆಂದೇ ಜಿಲ್ಲಾವಾರು ಒಂದು ಸ್ಥಿರ ಪುಟ ಇಟ್ಟು, ರಜೆ ಇಲ್ಲದ ಜಿಲ್ಲೆಯ ಮುಂದೆ 'ರಜೆ ಇಲ್ಲ' ಎಂದೂ ಬರೆದು, ರಾತ್ರಿ 9ಕ್ಕೆ ಮತ್ತು ಬೆಳಿಗ್ಗೆ 6ಕ್ಕೆ ಪರಿಷ್ಕರಿಸಿದರೆ ಶಾಲಾ ವಾಹನ ಹೊರಡುವ ಮೊದಲೇ ಪೋಷಕರಿಗೆ ಉತ್ತರ ಸಿಗುತ್ತದೆ, ಗ್ರೂಪ್‌ಗಳಲ್ಲಿ ಹಾಕಲು ನಮಗೂ ಒಂದೇ ಲಿಂಕ್ ಸಾಕಾಗುತ್ತದೆ.

ತಮ್ಮ ವಿಶ್ವಾಸಿಗಳು,
ತಾಲ್ಲೂಕು ಸುದ್ದಿ ಗ್ರೂಪ್‌ಗಳ ಕೆಲವು ಅಡ್ಮಿನ್‌ಗಳು
ಶಿವಮೊಗ್ಗ ಜಿಲ್ಲೆ